ಮಸರಕಲ್ಲಿನ ಬಾಣಂತಿ ಕುಡಿದ ನೀರು

ನಿಮ್ಮಮ್ಮ ವಿದ್ಯಾರ್ಥಿಗಳ ಪುಸ್ತಕ ತಿದ್ದುವಾಗ ಊಟದ ಮೇಜಿನ ಹತ್ತಿರ ಯಾರೂ ಹೋಗಬಾರದು ಎಂಬ ನಿಯಮ ನಿಮಗೆ ಗೊತ್ತಿದೆ. ನೀವು ಗಲಾಟೆ ಮಾಡುತ್ತೀರೆಂದು ಆ ನಿಯಮ ಬಂತು ಎಂದು ತಿಳಿದಿದ್ದೀರಿ. ಅದು ಬಂದದ್ದು ನನ್ನಿಂದ. ಬೇರೆ ಯಾರಾದರೂ ಹೇಳುವ ಮೊದಲು ನಾನೇ ಬರೆದಿಡುತ್ತೇನೆ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಯಾಪಲದಿನ್ನಿ ಬಿಟ್ಟು ರಾಯಚೂರಿಗೆ, ನಿಮ್ಮ ಮನೆಗೆ ಬಂದೆ. ತವರು ಮಲ್ಲಟ. ಅಲ್ಲಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಮನೆಗೆ ಯಾರಾದರೂ ಬಂದರೆ ನಾನು ಅಡುಗೆಮನೆಗೆ ಹೋಗುತ್ತೇನೆ. ಅಡುಗೆ ಮುಗಿದಿದ್ದರೂ ಹೋಗುತ್ತೇನೆ. ಅಂಥವಳು ಎಂ.ಎಸ್ಸಿ. ನರ್ಸಿಂಗ್ ಓದುವವರ ಬರಹದಲ್ಲಿ ಕೈಯಾಡಿಸಿದ್ದು ಹೇಗೆಂದು ಹೇಳಬೇಕಾದರೆ ಆ ಬರಹ ಎಂಥದ್ದೆಂದು ಮೊದಲು ಹೇಳಬೇಕು.

ನಿಮ್ಮಮ್ಮನ ವಿದ್ಯಾರ್ಥಿನಿಯರು ಸಣ್ಣ ಹುಡುಗಿಯರಲ್ಲ. ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು, ಮತ್ತೆ ಓದಲು ಬಂದವರು. ಅವರನ್ನು ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಗೆ ಕಳಿಸುತ್ತಾರೆ. ಒಬ್ಬೊಬ್ಬರೂ ಒಂದು ಮನೆ ಹಿಡಿದು, ಆ ಮನೆಯ ಒಬ್ಬ ರೋಗಿಯನ್ನೋ ಬಾಣಂತಿಯನ್ನೋ ಕೆಲವು ದಿನ ನೋಡಿಕೊಂಡು, ಏನು ಕಂಡೆ, ಏನು ಮಾಡಿದೆ, ಅದರಿಂದ ಏನಾಯಿತು ಎಂದು ಕೈಯಿಂದ ಬರೆದು ತರಬೇಕು. ಇದಕ್ಕೆ ಕೇಸ್ ಸ್ಟಡಿ ಎನ್ನುತ್ತಾರೆ. ನೀಲಿ ರಟ್ಟು, ಒಳಗೆ ಐವತ್ತು ಅರವತ್ತು ಪುಟ. ಬಲಗಡೆಯ ಪುಟದಲ್ಲಿ ಎಲ್ಲ ಇಂಗ್ಲಿಷು. ಎಡಗಡೆಯ ಪುಟದಲ್ಲಿ ರೋಗಿ ಹೇಳಿದ ಮಾತು, ಹೇಳಿದ ಹಾಗೆಯೇ, ಕನ್ನಡದಲ್ಲಿ. ಈ ಎಡಗಡೆಯ ಪುಟ ನಿಮ್ಮಮ್ಮ ಮಾಡಿದ ಕಟ್ಟಳೆ. "ರೋಗಿ ಹೇಳಿದ್ದನ್ನ ಇಂಗ್ಲಿಷಿಗೆ ತಂದುಬಿಟ್ರೆ ಎಲ್ಲರೂ ಒಬ್ಬನೇ ರೋಗಿ ಆಗಿಬಿಡ್ತಾರೆ ಅತ್ತೆ" ಎನ್ನುತ್ತಾಳೆ.

ಕಟ್ಟಳೆ ಒಳ್ಳೆಯದು. ತೊಂದರೆ ಏನೆಂದರೆ ನಿಮ್ಮಮ್ಮ ಮೈಸೂರಿನ ಕಡೆಯವಳು. ಎಡಗಡೆಯ ಪುಟ ಅವಳಿಗೇ ತಿಳಿಯುತ್ತಿರಲಿಲ್ಲ. ಆಗ ನನ್ನನ್ನು ಕೂಗುತ್ತಿದ್ದಳು.

"ಅತ್ತೆ, ಇಲ್ಲೊಬ್ಬಳು 'ಕಾಲು ಹರೀತಾವ' ಅಂದಿದ್ದಾಳೆ. ಗಾಯಾನಾ?"

"ಗಾಯ ಅಲ್ಲವಾ. ನೋವು. ಎಳದಂಗ ಆಗ್ತದಲ್ಲ, ಅದು."

"'ಮೈಯಾಗ ಕಸುವಿಲ್ಲ'?"

"ಶಕ್ತಿ ಇಲ್ಲ ಅಂತ."

"ಹಾಗಂತಲೇ ಹೇಳಬಾರದಾ?"

"ಹಂಗ ಹೇಳಾಕ ಕಸುವು ಬೇಕಲ್ಲ ಯವ್ವಾ."

ಹೀಗೆ ಮಧ್ಯಾಹ್ನದ ಊಟವಾದ ಮೇಲೆ ನಾನು ಎಡಗಡೆಯ ಪುಟ ಓದುವುದು, ಅವಳು ಬಲಗಡೆಯ ಪುಟ ತಿದ್ದುವುದು ರೂಢಿಯಾಯಿತು. ನನಗೆ ಇಂಗ್ಲಿಷ್ ಬಾರದು. ಅಂಕಿ ಬರುತ್ತದೆ, ಔಷಧಿ ಬಾಟಲಿಯ ಮೇಲಿರುವ ಎಂ.ಎಲ್. ಗೊತ್ತು. ಅಷ್ಟು ಸಾಕಾಗಿತ್ತು. ಅಷ್ಟೂ ಗೊತ್ತಿರದಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು.

ಒಂದು ದಿನ ಮಾನ್ವಿ ಕಡೆಯ ಮುದುಕನೊಬ್ಬನ ಪುಸ್ತಕ ಬಂತು. ವಯಸ್ಸು ಎಪ್ಪತ್ತು ದಾಟಿದೆ, ಶಾಲೆಗೆ ಹೋದವನಲ್ಲ, ಹೊಲದ ಕೆಲಸ. ಅವನು ಹೇಳಿದ ಮಾತು ಎಂದು ಹೀಗೆ ಬರೆದಿತ್ತು: "ನನಗೆ ಕೆಲವು ದಿನಗಳಿಂದ ಹಸಿವಿನ ಕೊರತೆ ಹಾಗೂ ಆತಂಕ ಕಂಡುಬರುತ್ತಿದೆ." ನನಗೆ ನಗು ಬಂತು.

"ಯಾಕತ್ತೆ?"

"ಈ ಮುದುಕ ರೇಡಿಯೋದಾಗ ವಾರ್ತೆ ಓದ್ತಾನೇನವಾ?"

ನಿಮ್ಮಮ್ಮ ಮರುದಿನ ಆ ವಿದ್ಯಾರ್ಥಿನಿಯನ್ನು ಕರೆದು ಕೇಳಿದ್ದಾಳೆ. ಅವಳು ಸ್ವಲ್ಪ ಹೊತ್ತು ಇಲ್ಲ ಎಂದು, ಆಮೇಲೆ ಹೌದು ಎಂದಳಂತೆ. ಮುದುಕನೂ ಇಲ್ಲ, ಹಸಿವಿನ ಕೊರತೆಯೂ ಇಲ್ಲ. ಹಾಸ್ಟೆಲ್ಲಿನಲ್ಲಿ ಕುಳಿತು ಬರೆದದ್ದು. ಸಂಜೆ ಮನೆಗೆ ಬಂದ ನಿಮ್ಮಮ್ಮ ಚಪ್ಪಲಿ ಬಿಡುತ್ತಲೇ, "ಅತ್ತೆ, ಇನ್ನು ಮೇಲೆ ನೀವೇ ನಮ್ಮ ಎಗ್ಸಾಮಿನರ್" ಎಂದಳು. ಅವಳು ತಮಾಷೆಗೆ ಹೇಳಿದಳು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಓದುವಾಗ ಕನ್ನಡಕ ಒರೆಸಿಕೊಂಡು ಕೂರತೊಡಗಿದೆ.

ಅದಾಗಿ ಹತ್ತು ದಿನಕ್ಕೆ ಮಸರಕಲ್ಲಿನ ಬಾಣಂತಿಯ ಪುಸ್ತಕ ಬಂತು. ಎರಡನೆಯ ಹೆರಿಗೆ, ಹಾಗಾಗಿ ತವರಿಗೆ ಹೋಗದೆ ಗಂಡನ ಮನೆಯಲ್ಲೇ ಇದ್ದಳು. ಹಾಲು ಸಾಲುವುದಿಲ್ಲ, ಮೂತ್ರಕ್ಕೆ ಹೋದರೆ ಉರಿ. ಎಡಗಡೆಯ ಪುಟದಲ್ಲಿ ಮೊದಲನೆಯ ದಿನದ ಮಾತು: "ನೀರು ಕೊಡಂಗಿಲ್ರಿ ನಮ್ಮತ್ತಿ. ಮುಂಜಾನಿ ಎರಡು ಗುಟುಕು, ಸಂಜಿಗಿ ಎರಡು ಗುಟುಕು. ನೀರಡಿಕಿ ಆದ್ರ ಬಾಯಾಗ ಲವಂಗ ಹಿಡಕೋ ಅಂತಾಳ." ಇದು ಹಾಸ್ಟೆಲ್ಲಿನ ಮಾತಲ್ಲ. ನನಗೆ ಆ ಲವಂಗದ ರುಚಿಯೇ ಬಾಯಿಗೆ ಬಂತು.

ನಮ್ಮ ಕಡೆ ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಮಗುವಿಗೆ ನೆಗಡಿಯಾಗುತ್ತದೆ ಎನ್ನುತ್ತಾರೆ. ನಿಮ್ಮಪ್ಪ ಹುಟ್ಟಿದಾಗ ಮಲ್ಲಟದಲ್ಲಿ ನನ್ನ ಸ್ವಂತ ತಾಯಿಯೇ ಕೊಡವನ್ನು ನನ್ನ ಕೈಗೆ ಸಿಗದ ಹಾಗೆ ಇಟ್ಟಿದ್ದಳು. ಬಾಯಿ ಮುಕ್ಕಳಿಸಲು ಕೊಟ್ಟ ನೀರಿನಲ್ಲಿ ಅರ್ಧ ನುಂಗಿ ಅರ್ಧ ಉಗುಳುತ್ತಿದ್ದೆ. ನಿಮ್ಮಪ್ಪನಿಗೆ ನೆಗಡಿಯಾದಾಗಲೆಲ್ಲ ಬಹಳ ವರ್ಷ ನಾನೇ ಕಾರಣ ಎಂದುಕೊಂಡಿದ್ದೆ.

ಹಾಗಿರುವಾಗ ಅದೇ ಪುಸ್ತಕದಲ್ಲಿ ನಾಲ್ಕು ಹಾಳೆ ತಿರುವಿದರೆ ಬಲಗಡೆ ಒಂದು ಕೋಷ್ಟಕ. ಬಾಣಂತಿ ಐದನೆಯ ದಿನ ಎಷ್ಟು ನೀರು ಕುಡಿದಳು ಎಂಬುದು; ಇಂಥ ಕೋಷ್ಟಕ ಓದುವುದನ್ನು ನಿಮ್ಮಮ್ಮ ತೋರಿಸಿಕೊಟ್ಟಿದ್ದಳು. ಇನ್ನೂರೈವತ್ತು ಎಂ.ಎಲ್., ಮತ್ತೆ ಇನ್ನೂರೈವತ್ತು, ಮತ್ತೆ ಇನ್ನೂರೈವತ್ತು. ಹನ್ನೆರಡು ಸಲ. ಕೂಡಿಸಿದೆ. ಮೂರು ಲೀಟರ್. ಆ ಅತ್ತೆಯ ಮನೆಯಲ್ಲಿ, ಆ ಲವಂಗದ ಮನೆಯಲ್ಲಿ, ನಾಲ್ಕೇ ದಿನ ಕಳೆಯುವಷ್ಟರಲ್ಲಿ ದಿನಕ್ಕೆ ಮೂರು ಲೀಟರ್. ನಡುವೆ ಏನಾಯಿತೆಂದು ಎಡಗಡೆ ಒಂದು ಸಾಲೂ ಇಲ್ಲ.

ನನಗೆ ಎಲ್ಲ ತಿಳಿದುಹೋಯಿತು. ಈ ಹುಡುಗಿ ಮೊದಲ ದಿನ ಹೋಗಿದ್ದಾಳೆ, ಬಸ್ಸಿನ ಧೂಳಿಗೆ ಬೇಸತ್ತು ಉಳಿದದ್ದನ್ನು ಪಠ್ಯಪುಸ್ತಕ ನೋಡಿ ತುಂಬಿಸಿದ್ದಾಳೆ.

ನಿಮ್ಮಮ್ಮ ಫೋನಿನಲ್ಲಿ ಮಾತಾಡುತ್ತ ಅಂಗಳಕ್ಕೆ ಹೋಗಿದ್ದಳು. ಅವಳು ಬಂದ ಮೇಲೆ ಹೇಳಬಹುದಿತ್ತು. ಆದರೆ ಒಬ್ಬರ ಮೇಲೆ ದೂರು ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ. ಮೇಜಿನ ಮೇಲೆ ನಿಮ್ಮ ಶಾಲೆಯ ಪೆನ್ಸಿಲ್ ಇತ್ತು. ಕೋಷ್ಟಕದ ಪಕ್ಕದಲ್ಲಿ ಬರೆದೆ: "ಆಗದ ಮಾತು. ಬಾಣಂತಿಗೆ ಯಾರೂ ಇಷ್ಟು ನೀರು ಕೊಡುವುದಿಲ್ಲ. ಈ ಹುಡುಗಿ ಮತ್ತೆ ಹೋಗಿಯೇ ಇಲ್ಲ."

ನನ್ನ ಅಕ್ಷರ ದುಂಡಗಿದೆ. ದುಂಡಗೆ ಬರೆದ ಮಾತು ನಿಜದ ಹಾಗೆ ಕಾಣುತ್ತದೆ.

ನಿಮ್ಮಮ್ಮ ಅದನ್ನು ಓದಿದಳು. ಆ ಪುಟ ನೋಡಿದಳು, ಈ ಪುಟ ನೋಡಿದಳು. ಕೆಂಪು ಪೆನ್ನು ತೆಗೆದು ರಟ್ಟಿನ ಮೇಲೆ ಸೊನ್ನೆ ಬರೆದಳು. ನನ್ನನ್ನು ಏನೂ ಕೇಳಲಿಲ್ಲ. ನನಗೆ ಒಳಗೊಳಗೆ ಹಿಗ್ಗಾಯಿತು ಎಂದು ಬರೆಯಲೇಬೇಕು.

ಹಿಗ್ಗು ಸಂಜೆಯವರೆಗೆ ಇತ್ತು. ಸಂಜೆ ಇಬ್ಬರೂ ಚವಳಿಕಾಯಿ ಮುರಿಯುತ್ತ ಕುಳಿತಾಗ ಅವಳೇ ಹೇಳಿದಳು. ಸುಳ್ಳು ಬರೆದರೆ ಸೊನ್ನೆ. ಸೊನ್ನೆ ಬಂದರೆ ಈ ಸಲ ಪರೀಕ್ಷೆಗೆ ಕೂರುವ ಹಾಗಿಲ್ಲ. ಮತ್ತೆ ಹಳ್ಳಿಗೆ ಹೋಗಿ ಹೊಸದಾಗಿ ಬರೆದು, ಆರು ತಿಂಗಳು ಕಾಯಬೇಕು.

"ಯಾರವಾ ಆಕಿ?"

"ಮಾನ್ವಿಯವಳು. ಅಲ್ಲೇ ಸ್ಟಾಫ್ ನರ್ಸ್ ಆಗಿದ್ದಳು. ಎರಡು ವರ್ಷದ ಮಗು ಇದೆ, ತಾಯಿ ಹತ್ರ ಬಿಟ್ಟು ಬಂದಿದ್ದಾಳೆ. ಪರೀಕ್ಷೆ ಮುಗಿಸಿಕೊಂಡು ಬರ್ತೀನಿ ಅಂತ ಮಗೂಗೆ ಹೇಳಿದ್ದಾಳಂತೆ."

ನಾನು ಚವಳಿಕಾಯಿ ಮುರಿದೆ. ಬೇಕಾದದ್ದಕ್ಕಿಂತ ಸಣ್ಣಗೆ ಮುರಿದೆ.

ಎರಡು ದಿನ ಬಿಟ್ಟು ಆ ಹುಡುಗಿ ಮನೆಗೇ ಬಂದಳು. ನಾನು ಅಡುಗೆಮನೆಗೆ ಹೋದೆ. ಬಾಗಿಲು ಮುಚ್ಚಲಿಲ್ಲ.

"ನಾ ಹೋಗೀನ್ರಿ ಮೇಡಂ. ಆರು ಸಲ ಹೋಗೀನಿ."

"ಮೊದಲನೇ ದಿನ ನೀರು ಕೊಡಲ್ಲ ಅಂತ ಬರೆದಿದ್ದೀಯ. ಐದನೇ ದಿನ ಮೂರು ಲೀಟರ್. ಮಧ್ಯೆ ಏನಾಯ್ತು?"

"ಏನಾಗಿಲ್ರಿ."

"ಏನೂ ಆಗದೆ ಮೂರು ಲೀಟರ್ ಆಗುತ್ತೇನಮ್ಮ? ನೀನು ಏನು ಮಾಡಿದೆ?"

"ಬರ್ಯೂವಂಥಾದ್ದು ಏನೂ ಮಾಡಿಲ್ರಿ. ಅವರತ್ತಿ ಜೋಡಿ ಕುಂತಿದ್ದೆ, ಅಷ್ಟ."

ಹಾಳೆ ತಿರುವಿದ ಸದ್ದಾಯಿತು. ಆಮೇಲೆ ಅವಳ ದನಿ: "ಇದನ್ನ ಯಾರು ಬರದಾರ್ರಿ, ಪೆನ್ಸಿಲ್‌ಲೆ?"

"ನಮ್ಮತ್ತೆ."

"ಅವ್ರೂ ನರ್ಸಿಂಗ್ ಮಾಡ್ಯಾರೇನ್ರಿ?"

"ಇಲ್ಲ."

"ಮತ್ತೇನು ಓದ್ಯಾರ್ರಿ?"

"ಏಳನೇ ಕ್ಲಾಸು."

ನಾನು ಒಲೆ ಆರಿಸಿದೆ. ಹಚ್ಚಿರಲೇ ಇಲ್ಲ.

ಅವಳು ಹೋದ ಮೇಲೆ ನಿಮ್ಮಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, "ಭಾನುವಾರ ಮಸರಕಲ್ಲಿಗೆ ಹೋಗಿ ಬರೋಣ ಅತ್ತೆ" ಎಂದಳು.

"ನಾ ಯಾಕ ಯವ್ವಾ?"

"ಅವರ ಮಾತು ನನಗೆ ಪೂರ್ತಿ ತಿಳಿಯಲ್ಲ. ಮತ್ತೆ, ಬರೆದಿದ್ದು ನೀವು."

ಭಾನುವಾರ ನಿಮ್ಮನ್ನು ನಿಮ್ಮಪ್ಪನ ಹತ್ತಿರ ಬಿಟ್ಟು ದೇವದುರ್ಗದ ಬಸ್ಸು ಹತ್ತಿದೆವು. ಬಾಣಂತಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಾನು ಒಣಕೊಬ್ಬರಿ, ಉತ್ತತ್ತಿ ಕಟ್ಟಿಕೊಂಡಿದ್ದೆ. "ಇದು ಇನ್‌ಸ್ಪೆಕ್ಷನ್ ಅತ್ತೆ" ಎಂದಳು ನಿಮ್ಮಮ್ಮ. ಇನ್‌ಸ್ಪೆಕ್ಷನ್ನಿಗೂ ಬರಿಗೈಯಲ್ಲಿ ಹೋಗಬಾರದು. ಅವಳ ತೊಡೆಯ ಮೇಲೆ ಆ ನೀಲಿ ಪುಸ್ತಕವಿತ್ತು.

ಮನೆ ಸಿಕ್ಕಿತು. ಹೊರಗೆ ಕಟ್ಟೆಯ ಮೇಲೆ ನನ್ನ ವಯಸ್ಸಿನ ಹೆಂಗಸು ಮೊರದಲ್ಲಿ ಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಬಾಣಂತಿಯ ಅತ್ತೆ.

"ಯಾರ್ರಿ? ಚುಚ್ಚಾಕ ಬಂದವ್ರೇನು?"

ನಿಮ್ಮಮ್ಮ ನನ್ನನ್ನು ಮುಂದೆ ಬಿಟ್ಟಳು. "ಚುಚ್ಚಂಗಿಲ್ರಿ. ಬಾಣಂತಿ ನೋಡಾಕ ಬಂದೀವಿ" ಎಂದೆ.

"ಬರ್ರಿ, ನೋಡ್ರಿ. ನೋಡಾಕೇನು ಟಿಕೀಟ ಅದೇನು?"

ಕೂತೆವು. ಏನು ಕೇಳಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಆದರೂ ನಿಮ್ಮಮ್ಮ ನನ್ನ ಮೊಣಕೈ ಮುಟ್ಟಬೇಕಾಯಿತು.

"ಬಾಣಂತಿಗಿ ನೀರು ಕೊಡ್ತೀರೇನ್ರಿ?"

"ಕೊಡದ ಏನು? ದಿನಕ್ಕ ಹನ್ನೆರಡು ಲೋಟ."

ನಾನು ನಿಮ್ಮಮ್ಮನ ಮುಖ ನೋಡಲಿಲ್ಲ.

"ಹನ್ನೆರಡೇನ್ರಿ?"

"ಅಜವಾನ ಹಾಕಿ ಕುದಿಸಿದ್ದು. ಕೂಸು ಒಂದ್ಸಲ ಹಾಲು ಕುಡದ್ರ ತಾಯಿ ಒಂದು ಲೋಟ ನೀರು ಕುಡೀಬೇಕು. ನಮ್ಮ ಮನಿತನದಾಗ ಮೊದಲಿಂದ ಹಿಂಗ ಅದ. ನಿಮ್ಮ ಕಡಿ ಇಲ್ಲೇನು?"

"ಇಲ್ರಿ."

"ಮತ್ತ ಬಾಣಂತ್ಯಾರನ್ನ ಒಣಗಸ್ತೀರೇನು?"

ಒಳಗಿನ ಕೋಣೆಯಿಂದ ನಗು ಕೇಳಿತು. ಬಾಣಂತಿ ಬಾಗಿಲ ಮರೆಯಿಂದಲೇ ಹೇಳಿದಳು: "ಯತ್ತಿ, ಮೊದಲಿಂದ ಅಂದ್ರ ಯಾವಾಗಿಂದ? ನನ್ನ ಬಾಯಾಗ ಲವಂಗ ಇಟ್ಟಾಕಿ ಯಾರು?"

"ನೀ ಸುಮ್ಮ ಮಕ್ಕೋ ಬೇ. ಬಾಣಂತಿ ಬಾಯಿ ಮಾಡಿದ್ರ ಗಾಳಿ ಹೊಗತದ."

"ಆ ನರ್ಸಮ್ಮ ಬಂದ ಮ್ಯಾಲೆ ಅಲ್ಲೇನು ನೀರು ಸುರು ಆಗಿದ್ದು?"

"ಆಕಿ ಏನು ಹೇಳಿದ್ಲು? ಆಕಿ ಏನೂ ಹೇಳಿಲ್ಲ. ನಾನ ಹೇಳಿದ್ದು, ಆಕಿ ಕೇಳಿದ್ಲು."

ಅದೂ ನಿಜವೇ ಆಗಿತ್ತು. ಅತ್ತೆ ಸೊಸೆ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿ ತಿಳಿಸಿದ್ದು ಇಷ್ಟು. ಮೊದಲ ದಿನ ಆ ಹುಡುಗಿ ಕೇಳಿ ಬರೆದುಕೊಂಡು ಹೋದಳು. ಎರಡನೆಯ ದಿನ ಬಂದವಳು ನೀರಿನ ಸುದ್ದಿಯನ್ನೇ ಎತ್ತಲಿಲ್ಲ. ಅತ್ತೆಯ ಜೊತೆ ಕುಳಿತು ಬಾಣಂತಿಯ ಅಡುಗೆಗೆ ಬೆಳ್ಳುಳ್ಳಿ ಸುಲಿದಳು. ಒಂದು ಬುಟ್ಟಿ ಸುಲಿದಳು. ಮೂರನೆಯ ದಿನವೂ ಸುಲಿಯುತ್ತ, ನಿಮ್ಮ ಕಾಲದಲ್ಲಿ ಏನು ಕುಡಿಯುತ್ತಿದ್ದಿರಿ ಎಂದು ಕೇಳಿದಳು. ಅಜವಾನ (ನಿಮ್ಮಮ್ಮನ ಓಮ) ಹಾಕಿ ಕುದಿಸಿದ್ದು ಎರಡು ಗುಟುಕು ಎಂದಳು ಅತ್ತೆ. ಅಜವಾನ ಹಾಕಿದರೆ ಮಗುವಿಗೆ ನೆಗಡಿಯಾಗುವುದಿಲ್ಲವೇ ಎಂದಳು ಇವಳು. "ಅಜವಾನಕ್ಕ ಎಲ್ಲಿ ನೆಗಡಿ ಬೇ, ಅಷ್ಟೂ ಗೊತ್ತಿಲ್ಲೇನು ನಿನಗ" ಎಂದು ಅತ್ತೆ ಬೈದಳು. ಹಾಗಾದರೆ ಮಗು ಎಷ್ಟು ಸಲ ಕುಡಿಯುತ್ತದೋ ಅಷ್ಟು ಸಲ ತಾಯಿಗೆ ನೀವೇ ಕೊಟ್ಟು ನೋಡಿ, ಎಣಿಕೆ ನಿಮ್ಮದೇ ಇರಲಿ, ನನಗೆ ಮರೆಯುತ್ತದೆ ಎಂದಳು ಇವಳು. ಮರೆಯುವ ನರ್ಸನ್ನು ಕಂಡು ಅತ್ತೆಗೆ ಕರುಣೆ ಬಂದಿತ್ತು.

"ಎಣಿಕಿ ಅದೇನ್ರಿ?" ಎಂದು ನಿಮ್ಮಮ್ಮ ತಾನೇ ಕೇಳಿದಳು. ಅವಳು ಈ ಕಡೆಯ ಮಾತು ಆಡಿದ್ದು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ನಮ್ಮನ್ನು ಒಳಗೆ ಕರೆದು ಗೋಡೆ ತೋರಿಸಿದಳು. ಬಾಗಿಲ ಪಕ್ಕ ಇದ್ದಲಿನಿಂದ ಎಳೆದ ಗೆರೆಗಳು, ಒಂದು ದಿನಕ್ಕೆ ಒಂದು ಸಾಲು. ನಿಮ್ಮಮ್ಮ ಪುಸ್ತಕ ಬಿಚ್ಚಿ ಒಂದೊಂದೇ ದಿನ ಹೋಲಿಸಿದಳು. ಹನ್ನೆರಡು. ಹನ್ನೆರಡು. ಮೂರನೆಯ ಸಾಲಿನಲ್ಲಿ ಹನ್ನೊಂದೇ ಇದ್ದವು.

"ಅವತ್ತು ನಾ ದೇವದುರ್ಗದ ಸಂತಿಗಿ ಹೋಗಿದ್ದೆ. ಆ ಒಂದು ಲೋಟ ಕುಡದಾಳೋ ಇಲ್ಲೋ, ನಾ ನೋಡಿಲ್ಲ. ನೋಡಲಾರದ್ದನ್ನ ನಾ ಗೆರಿ ಹೊಡ್ಯಂಗಿಲ್ಲ" ಎಂದಳು ಅತ್ತೆ.

ಪುಸ್ತಕದಲ್ಲೂ ಆ ದಿನಕ್ಕೆ ಹನ್ನೊಂದೇ ಇತ್ತು. ಎರಡು ಸಾವಿರದ ಏಳುನೂರೈವತ್ತು. ಆ ಪುಟವನ್ನು ನಾನು ತಿರುವಿರಲಿಲ್ಲ. ಒಂದು ಪುಟ ನೋಡಿಯೇ ನನಗೆ ಎಲ್ಲ ತಿಳಿದಿತ್ತಲ್ಲ.

ಉತ್ತತ್ತಿ, ಕೊಬ್ಬರಿ ಬಾಣಂತಿಯ ಕೈಗೆ ಕೊಟ್ಟೆ. ಮಗು ಗುಂಡಗಿತ್ತು. ಹಾಲು ಸಾಲುತ್ತದೆಯೇ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಬಸ್ಸಿನಲ್ಲಿ ಬಹಳ ದೂರ ಬಂದ ಮೇಲೆ ನಿಮ್ಮಮ್ಮ, "ಸೊನ್ನೆ ಹಾಕಿದ್ದು ನಾನು ಅತ್ತೆ. ಕೇಳದೆ ಹಾಕಿದ್ದು ನನ್ನ ತಪ್ಪು" ಎಂದಳು. ಇನ್ನೂ ಸ್ವಲ್ಪ ದೂರ ಬಂದ ಮೇಲೆ, "ಇನ್ನು ಮೇಲೆ ನಾನು ತಿದ್ದುವಾಗ ಮೇಜಿನ ಹತ್ರ ಯಾರೂ ಬರೋದು ಬೇಡ. ಏನಾದ್ರೂ ತಿಳೀಲಿಲ್ಲ ಅಂದ್ರೆ ನಾನೇ ಬಂದು ಕೇಳ್ತೀನಿ" ಎಂದಳು. ಬಸ್ಸಿನಲ್ಲಿ ಅವಳ ಜೊತೆ ಇದ್ದವಳು ನಾನೊಬ್ಬಳೇ.

ಮರುದಿನ ಸಂಜೆ ಆ ಹುಡುಗಿಯನ್ನು ಮನೆಗೆ ಕರೆಸಿದ್ದಳು. ನಾನು ಅಡುಗೆಮನೆಯಲ್ಲಿದ್ದೆ. ಚಹಾ ನಿಜವಾಗಿಯೂ ಕುದಿಯುತ್ತಿತ್ತು.

"ಬೆಳ್ಳುಳ್ಳಿ ಸುಲಿದಿದ್ದು, ಅಜವಾನದ ನೀರು, ಆ ಗೋಡೆ ಗೆರೆ. ಇದನ್ನೆಲ್ಲ ಯಾಕೆ ಬರೀಲಿಲ್ಲ?"

"ಅದು ನರ್ಸಿಂಗ್ ಅಲ್ಲಲ್ರಿ ಮೇಡಂ."

"ಮತ್ತೇನದು?"

"ಬಳ್ಳೊಳ್ಳಿ ಸುಲಿಯೂದ್ರಿ."

ನಿಮ್ಮಮ್ಮ ಉಸಿರು ಬಿಟ್ಟದ್ದು ಅಡುಗೆಮನೆಗೆ ಕೇಳಿಸಿತು.

"ಫಾರ್ಮ್ಯಾಟಿನಾಗ ಅದಕ್ಕ ಜಾಗಾ ಇಲ್ರಿ" ಎಂದು ಆ ಹುಡುಗಿ ಮುಂದುವರಿಸಿದಳು. "ರೋಗಿಗೆ ತಿಳಿವಳಿಕೆ ಕೊಟ್ಟೆ ಅಂತ ಬರೀಬೇಕ್ರಿ. ನಾ ಕೊಟ್ಟಿಲ್ಲ. ಕೊಟ್ಟೀನಿ ಅಂತ ಹೆಂಗ ಬರೀಲಿ? ಅದಕ್ಕ ಬಿಟ್ಟೆ."

"ಈಗ ಇಲ್ಲೇ ಕೂತು ಬರಿ. ಎರಡು ಪುಟ. ನಡೆದದ್ದು ನಡೆದ ಹಾಗೆ."

ಪೆನ್ನಿನ ಸದ್ದು ಬಹಳ ಹೊತ್ತು ಕೇಳಿಸಿತು. ಅದು ನಿಲ್ಲುವವರೆಗೆ ಕಾದೆ. ಆಮೇಲೆ ಒಂದು ಕೈಯಲ್ಲಿ ಚಹಾದ ತಟ್ಟೆ, ಇನ್ನೊಂದು ಕೈಯಲ್ಲಿ ನಿಮ್ಮ ರಬ್ಬರು ಹಿಡಿದು ಹೊರಗೆ ಬಂದೆ. ಬೇಗ ಅಳಿಸಿ ಒಳಗೆ ಹೋಗುವ ಯೋಚನೆ ಇತ್ತು. ಕೋಷ್ಟಕದ ಪುಟ ತೆಗೆದು ರಬ್ಬರು ಊರಿದೆ.

"ಅಳಸಬ್ಯಾಡ್ರಿ ಅಮ್ಮಾರ" ಎಂದಳು ಅವಳು. ಪುಸ್ತಕದ ಮೇಲೆ ಅಂಗೈ ಇಟ್ಟಳು. "ರೋಗಿ ಕಾಗದದಾಗ ಅಳಸಂಗಿಲ್ರಿ. ತಪ್ಪು ಬರದ್ರ ಅದರ ಮ್ಯಾಲೆ ಒಂದು ಗೆರಿ ಹೊಡದು, ಬಾಜೂಕ ಖರೇ ಬರದು, ಸಹಿ ಹಾಕಬೇಕು. ತಪ್ಪು ಏನಿತ್ತು ಅನ್ನೂದೂ ಕಾಣಬೇಕ್ರಿ. ಡಾಕ್ಟರಿಗೂ ಅದ ರೂಲ್."

ನಾನು ನಿಮ್ಮಮ್ಮನನ್ನು ನೋಡಿದೆ. "ಹೌದು ಅತ್ತೆ. ಹಾಗೇ ಮಾಡಬೇಕು" ಎಂದಳು.

ಹುಡುಗಿ ತನ್ನ ಪೆನ್ನು ಕೊಟ್ಟಳು. ಕುರ್ಚಿ ಎಳೆದಳು. ಹೊರಗಿನವರ ಎದುರು ಆ ಮೇಜಿನ ಮುಂದೆ ನಾನು ಕುಳಿತದ್ದು ಅದೇ ಮೊದಲು. ಬರೆದದ್ದರ ಮೇಲೆ ಗೆರೆ ಹೊಡೆದೆ. ಗೆರೆಯ ಕೆಳಗೆ ನನ್ನ ದುಂಡಗಿನ ಅಕ್ಷರ ಒಂದೂ ಬಿಡದೆ ಓದಲು ಬರುತ್ತಿತ್ತು. ಪಕ್ಕದಲ್ಲಿ ಬರೆದೆ: "ಈ ಹುಡುಗಿ ಹೋಗಿದ್ದಳು. ನಾನು ಹೋಗಿರಲಿಲ್ಲ." ಸಹಿ ಮಾಡಿದೆ.

"ತಪ್ಪಾತವ್ವಾ" ಎಂದೆ. ಇಷ್ಟು ಹೇಳಲು ಚಹಾ ಆರುವಷ್ಟು ಹೊತ್ತು ಹಿಡಿದಿತ್ತು.

"ಆತು ಬಿಡ್ರಿ. ತಾರೀಖು ಹಾಕ್ರಿ" ಎಂದಳು ಅವಳು.

ಹಾಕಿದೆ. ನಿಮ್ಮಮ್ಮ ಹೊಸ ಎರಡು ಪುಟ ಓದಿದಳು. ರಟ್ಟಿನ ಮೇಲಿನ ಸೊನ್ನೆಗೂ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಐವತ್ತಕ್ಕೆ ಮೂವತ್ತೆಂಟು ಎಂದು ಬರೆದು ಸಹಿ ಹಾಕಿದಳು. ಪರೀಕ್ಷೆಯ ಫಾರ್ಮು ನಾಳೆಯೇ ತುಂಬು ಎಂದಳು.

ಹುಡುಗಿ ಮೂವತ್ತೆಂಟನ್ನು ನೋಡಿದಳು. ಅಳುತ್ತಾಳೆಂದು ನಾನು ಎದ್ದು ನಿಂತೆ.

"ಇನ್ನೆರಡು ಹಾಕ್ರೆಲ್ಲ ಮೇಡಂ" ಎಂದಳು. "ಒಂದು ಬುಟ್ಟಿ ಸುಲದೀನ್ರಿ."

ನಿಮ್ಮಮ್ಮ ಹಾಕಲಿಲ್ಲ. ಹುಡುಗಿ ಚಹಾ ಮುಗಿಸಿ, ಪುಸ್ತಕ ಚೀಲಕ್ಕೆ ಹಾಕಿಕೊಂಡು, ಕತ್ತಲಾಗುವ ಮೊದಲು ಮಾನ್ವಿ ಬಸ್ಸು ಹಿಡಿಯಬೇಕೆಂದು ಹೊರಟಳು. ಪರೀಕ್ಷೆ ಮುಗಿಸಿ ತಿಂಗಳಲ್ಲಿ ಮನೆಗೆ ಬರುತ್ತೇನೆಂದು ಮಗುವಿಗೆ ಹೇಳಿ ಬರಬೇಕಿತ್ತಂತೆ.